ಕೊರತೆಪಡೆನು

ನಮ್ಮ ಸಂಡೇ ಸ್ಕೂಲಿಗೆ ಬರುವ ಪ್ರತಿ ಮಗುವೂ ಮೊದಲು ಬಾಯಿಪಾಠ ಮಾಡುವುದು ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಾನೂ ಹಾಗೇ ಕಲಿತವಳು, ನಮ್ಮ ಅವ್ವನೂ ಹಾಗೇ. ಹುಬ್ಬಳ್ಳಿ-ಧಾರವಾಡದ ಕಡೆಯ ಹಳೆಯ ಕ್ರೈಸ್ತ ಸಭೆ ನಮ್ಮದು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಾಗ ಈ ಭಾಗದಲ್ಲಿ ಶುರುವಾದ ಪರಂಪರೆ. ಇಪ್ಪತ್ತು ವರ್ಷದಿಂದ ರವಿವಾರ ಬಂತೆಂದರೆ ನಾನು ಈ ಮಕ್ಕಳ ಮುಂದೆ ನಿಂತಿರುತ್ತೇನೆ. ಆ ಮೊದಲ ಸಾಲಿನಲ್ಲಿ ಕೇಳುವಂಥದ್ದು ಏನಾದರೂ ಇದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಒಂಬತ್ತು ವರ್ಷದ ಒಬ್ಬಳು ಕೇಳಿದಳು. ಕೀರ್ತನೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು, ಬಹುಮಾನದ ಪೆನ್ಸಿಲ್ ತೆಗೆದುಕೊಂಡಳು, ಆದರೆ ಕೂರಲಿಲ್ಲ.

"ಅಕ್ಕೋರ, ಕುರುಬ ಇದ್ದ ಮ್ಯಾಲೂ ಇಂವ ಕೊರತಿ ಯಾಕ ಪಡೀತಾನ್ರೀ?"

ಏನು ಕೇಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. 'ಪಡೆನು' ಎಂಬುದು ಅವಳ ಕಿವಿಗೆ 'ಪಡೆಯುವೆನು' ಎಂದು ಕೇಳಿಸಿತ್ತು. ಶಾಲೆಯಲ್ಲಿ ಅವಳು ಕಂಡ 'ಪಡೆ' ಅದೊಂದೇ: ಬಹುಮಾನ ಪಡೆದರು, ನೂರಕ್ಕೆ ಎಂಬತ್ತು ಅಂಕ ಪಡೆದರು. ಹಾಗಾಗಿ ಅವಳ ಲೆಕ್ಕದಲ್ಲಿ ಕೀರ್ತನೆ ಹಾಡಿದ ದಾವೀದ ಹೇಳುತ್ತಿರುವುದು, ನನಗೆ ಕುರುಬನಿದ್ದಾನೆ, ನನಗೆ ಕೊರತೆ ಸಿಗುತ್ತದೆ! ಉಳಿದ ಮಕ್ಕಳು ನಗುತ್ತಾರೆಂದುಕೊಂಡೆ. ಒಬ್ಬರೂ ನಗಲಿಲ್ಲ. ಇಬ್ಬರು ತಲೆಯಾಡಿಸಿದರು, ತಮಗೂ ಅದೇ ಸಂಶಯ ಎಂಬಂತೆ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಈ ಅರ್ಥವನ್ನೇ ಉರು ಹೊಡೆಸಿ, ಮೇಲೆ ಒಂದೊಂದು ಪೆನ್ಸಿಲ್ ಕೊಟ್ಟು ಕಳಿಸಿದೆನೋ ದೇವರಿಗೇ ಗೊತ್ತು.

ತಪ್ಪು ಮಕ್ಕಳದಲ್ಲ. 'ಮಾಡೆನು, ಅರಿಯೆನು, ಪಡೆನು' ಎಂಬ ಹಳೆಯ ನಿಷೇಧರೂಪ ನಮ್ಮ ಬಾಯಿಂದ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ಈಗ ನಾವು 'ಮಾಡುವುದಿಲ್ಲ, ಪಡುವುದಿಲ್ಲ' ಎನ್ನುವವರು. 'ಇಲ್ಲ' ಎಂದು ಬೇರೆಯಾಗಿ ಹೇಳಿದರೇ ನಮಗೆ 'ಇಲ್ಲ' ಕೇಳಿಸುವುದು. ಹಳೆಗಾಲದವರು ಧಾತುವಿಗೆ ನೇರ 'ಎನು' ಹಚ್ಚಿದರೆ ಮುಗಿಯಿತು. ಪಡು ಎಂಬುದಕ್ಕೆ ಎನು ಸೇರಿ ಪಡೆನು. ನಡುವೆ ಕಾಲ ತೋರಿಸುವ ಪ್ರತ್ಯಯವೇ ಇಲ್ಲ. ನಿನ್ನೆ ಪಡಲಿಲ್ಲ, ಇವತ್ತು ಪಡುತ್ತಿಲ್ಲ, ನಾಳೆ ಪಡುವುದಿಲ್ಲ, ಮೂರೂ ಆ ಒಂದೇ ಪದದಲ್ಲಿ ಕೂತಿವೆ. 1853ರಲ್ಲಿ ಇದೇ ಬಾಸೆಲ್ ಮಿಷನ್‌ನಿಂದ ಪಾದ್ರಿಯಾಗಿ ಬಂದ ಕಿಟೆಲ್ ಇಂಥ ರೂಪಗಳನ್ನು ಹೆಕ್ಕಿ ಜೋಡಿಸುತ್ತಲೇ ಆಯುಷ್ಯ ಕಳೆದರು. ಅವರ ನಿಘಂಟು ಬಂದದ್ದು 1894ರಲ್ಲಿ, ವ್ಯಾಕರಣ 1903ರಲ್ಲಿ. ಅದೇ ವರ್ಷ ತೀರಿಕೊಂಡರು. ಅವರ ಫೋಟೋಗೆ ನಾವು ಹಾರ ಹಾಕುತ್ತೇವೆ. ಅವರ ಸಭೆಯ ಮರಿಮಕ್ಕಳಿಗೆ ಮಾತ್ರ 'ಪಡೆನು' ತಿಳಿಯುವುದಿಲ್ಲ.

ಇದನ್ನೆಲ್ಲ ಒಂಬತ್ತು ವರ್ಷದವಳಿಗೆ ಹೇಗೆ ಹೇಳುವುದು? ಆಗ ಹೊಳೆದದ್ದು 'ಒಲ್ಲೆ'. ನಮ್ಮ ಕಡೆ ಮಕ್ಕಳು ದಿನಕ್ಕೆ ಹತ್ತು ಸಲ ಅನ್ನುವ ಮಾತು. ಊಟ ಒಲ್ಲೆ, ಜಳಕ ಒಲ್ಲೆ, ಸಾಲಿ ಅಂತೂ ಒಲ್ಲೆನೇ ಒಲ್ಲೆ. ಆ ಹಳೆಯ ಮನೆತನದಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಉಳಿದಿರುವ ಪದ ಅದು. "ನೋಡವಾ, 'ಒಲ್ಲೆ' ಅಂದಾಗ 'ಇಲ್ಲ' ಅಂತ ಬೇರೆ ಹೇಳ್ತಿ ಏನು? 'ಪಡೆನು' ಅನ್ನೂದೂ ಹಂಗ," ಎಂದೆ.

ಅವಳು ಪೆನ್ಸಿಲಿನ ತುದಿ ಕಚ್ಚುತ್ತ ನಿಂತಳು.

"ಹಂಗಾರ ಕೊರತಿ ಬರೂದಿಲ್ಲ ಅಂತಲ್ರೀ. ಬಂದ್ರೂ ನಾ ಒಲ್ಲೆ ಅಂತ."

ವ್ಯಾಕರಣದ ಪ್ರಕಾರ ಇದು ಸರಿಯಲ್ಲ. ಮೂಲ ಹೀಬ್ರೂವಿನಲ್ಲೂ ಇರುವುದು 'ನನಗೆ ಕೊರತೆಯಾಗದು' ಎಂಬಷ್ಟೇ ಅರ್ಥ. ನಾನು "ಅಲ್ಲವಾ" ಎಂದು ಮತ್ತೊಮ್ಮೆ ತಿದ್ದಿದೆ, ಗಂಟೆಯಾಯಿತು, ಬಿಸ್ಕಿಟ್ ಹಂಚಿದೆ. ಮನೆಗೆ ಹೋಗಿ ತಮಾಷೆಯೆಂದು ಹೇಳಿ ನಕ್ಕದ್ದೂ ಉಂಟು. ಆದರೆ ಆಮೇಲೆ ಆ ಕೀರ್ತನೆ ಓದುವಾಗೆಲ್ಲ ಅವಳ 'ಒಲ್ಲೆ'ಯೇ ಮೊದಲು ಕೇಳಿಸತೊಡಗಿತು. 'ಕಾರ್ಗತ್ತಲಿನ ಕಣಿವೆ' ಬರುವುದೂ ಅದೇ ಕೀರ್ತನೆಯಲ್ಲಿ. 'ಕೇಡಿಗೆ ಹೆದರೆನು' ಎನ್ನುವುದೂ ಅಲ್ಲಿಯೇ, ಅದೂ ಅದೇ ಜಾತಿಯ ಪದ. ಕೇಡೇ ಇಲ್ಲವೆಂದು ಅವನೆಲ್ಲಿ ಹೇಳಿದ?

ಮಕ್ಕಳ ಬಾಯಲ್ಲಿ ದೇವರೇ ಮಾತಾಡುತ್ತಾನೆ ಎನ್ನುವ ಪೈಕಿ ನಾನಲ್ಲ. ಇಪ್ಪತ್ತು ವರ್ಷ ಸಂಡೇ ಸ್ಕೂಲ್ ನಡೆಸಿದವರು ಯಾರೂ ಹಾಗೆನ್ನಲಾರರು. ಕ್ರಿಸ್ಮಸ್ ನಾಟಕದಲ್ಲಿ ಕುರಿಯ ವೇಷ ತನಗೇ ಬೇಕೆಂದು ಕಚ್ಚಿ ರಕ್ತ ಬರಿಸಿದವನನ್ನು ನೋಡಿದ್ದೇನೆ. ಕಾಣಿಕೆ ಚೀಲಕ್ಕೆ ಹಾಕಲು ಕೊಟ್ಟ ಹತ್ತು ರೂಪಾಯಿಯಲ್ಲಿ ಐದಕ್ಕೆ ಚಿಪ್ಸ್ ಕೊಂಡು, ಉಳಿದ ಐದನ್ನು ಬಹಳ ಭಕ್ತಿಯಿಂದ ಹಾಕಿದವನನ್ನೂ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ನಮಗೆ ಏನು ಬೇಕೆಂದು ಮಕ್ಕಳು ಬಹಳ ಬೇಗ ಕಂಡುಹಿಡಿಯುತ್ತಾರೆ. ಕಣ್ಣು ಮುಚ್ಚಿ, ಕೈ ಜೋಡಿಸಿ, ನಮ್ಮದೇ ಧಾಟಿಯಲ್ಲಿ ನಮ್ಮದೇ ಮಾತನ್ನು ನಮಗೆ ಒಪ್ಪಿಸುತ್ತಾರೆ. ನವೆಂಬರಿನ ಮೊದಲ ರವಿವಾರ ಸಂಡೇ ಸ್ಕೂಲ್ ದಿನ. ಅಂದು ಒಂದು ಮಗು ವಾಕ್ಯ ಓದುತ್ತದೆ, ಇನ್ನೊಂದು ಪ್ರಾರ್ಥಿಸುತ್ತದೆ, ತಂದೆತಾಯಿಗಳು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಪ್ರಾರ್ಥನೆ ಬರೆದುಕೊಟ್ಟವಳು ನಾನೇ. ಆ ದಿನದಷ್ಟು ಮಕ್ಕಳ ದನಿ ಕೇಳಿಸದ ದಿನ ವರ್ಷದಲ್ಲಿ ಇನ್ನೊಂದಿಲ್ಲ.

ಉಳಿದ ರವಿವಾರಗಳಲ್ಲಿ ಎರಡನೆಯ ಸಂಗೀತ ಮುಗಿಯುತ್ತಲೇ ಮಕ್ಕಳು ಸಾಲಾಗಿ ಎದ್ದು ಹಿಂದಿನ ಕೋಣೆಗೆ ಹೋಗುತ್ತಾರೆ. ಪ್ರಸಂಗಕ್ಕೆ, ಅಂದರೆ ಸಭಾಪಾಲಕರ ಬೋಧನೆಗೆ, ಗದ್ದಲವಾಗಬಾರದಲ್ಲ. ಇದು ಅನಾದಿಯಿಂದ ಬಂದದ್ದೆಂದೇ ನಾನು ತಿಳಿದಿದ್ದೆ. ಹಾಗಲ್ಲ. ಸಂಡೇ ಸ್ಕೂಲನ್ನು ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವ ಶುರುಮಾಡಿದ್ದು ವಾರವಿಡೀ ಕೆಲಸಕ್ಕೆ ಹೋಗುತ್ತಿದ್ದ ಬಡ ಮಕ್ಕಳಿಗಾಗಿ. ಅವರಿಗೆ ಬಿಡುವಿದ್ದದ್ದು ರವಿವಾರ ಒಂದೇ, ಆ ಒಂದು ದಿನ ಓದು ಕಲಿಯಲಿ ಎಂದು. ಬೀದಿಯ ಮಕ್ಕಳನ್ನು ಒಳಗೆ ಕರೆಯಲು ಹುಟ್ಟಿದ ಶಾಲೆ ಅದು. ಒಳಗಿದ್ದ ಮಕ್ಕಳನ್ನು ಹೊರಗೆ ಕಳಿಸುವುದಕ್ಕೆ ನಾವು ಅದನ್ನು ಬಳಸಿಕೊಂಡೆವು.

ಹೋದ ಮಳೆಗಾಲದ ಹಿಂದಿನ ಮಳೆಗಾಲದಲ್ಲಿ ನಮ್ಮ ಮಕ್ಕಳ ಕೋಣೆ ಸೋರಿತು. ಮಂಗಳೂರು ಹಂಚಿನ ಮಾಡು. (ಬಾಸೆಲ್ ಮಿಷನ್‌ನವರೇ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದವರು; ಅವರು ಬಿಟ್ಟುಹೋದ ಪದವೂ ಸೋರುತ್ತಿದೆ, ಹಂಚೂ ಸೋರುತ್ತಿದೆ ಎಂದು ನಮ್ಮ ಮನೆಯವರ ಚೇಷ್ಟೆ.) ಕಮಿಟಿ ದುರಸ್ತಿಗೆ ಹಣ ಹೊಂದಿಸುವ ತನಕ ಐದಾರು ತಿಂಗಳು ಮಕ್ಕಳು ದೇವಾಲಯದೊಳಗೇ, ದೊಡ್ಡವರ ನಡುವೆ ಕೂರಬೇಕಾಯಿತು. ಮೊದಲ ಎರಡು ವಾರ ನರಕ. ನೀರಿನ ಬಾಟಲಿ ಉರುಳಿತು, ಒಬ್ಬ ಬೆಂಚಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡ, ಪ್ರಸಂಗದ ನಡುವೆ ಇನ್ನೊಬ್ಬ "ಮುಗೀತಾ?" ಎಂದು ಕೇಳಿದ್ದು ಮೈಕಿಗೂ ಕೇಳಿಸಿತು. ತ್ರೋವ ಎಂಬ ಊರಿನಲ್ಲಿ ಅಪೊಸ್ತಲ ಪೌಲನಂಥ ಪೌಲ ಮಧ್ಯರಾತ್ರಿಯವರೆಗೆ ಮಾತಾಡುತ್ತ ಹೋದಾಗ ಯೂತಿಖನೆಂಬ ಹುಡುಗ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದನಲ್ಲ, ಆ ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಸುಮ್ಮನೆ ಸೇರಿಕೊಂಡಿಲ್ಲ. ನಮ್ಮ ಸಭಾಪಾಲಕರಿಗೆ ಅದನ್ನು ನೆನಪಿಸಬೇಕೆಂದು ಬಹಳ ಸಲ ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಅವರೇ ತಿಳಿದುಕೊಂಡು ಪ್ರಸಂಗವನ್ನು ಮೊಟಕುಮಾಡಿದರು. ದೊಡ್ಡವರೂ ಒಳಗೊಳಗೇ ಖುಷಿಪಟ್ಟರು.

ಮೂರನೆಯ ವಾರದಿಂದ ಮಕ್ಕಳು ನೋಡತೊಡಗಿದರು. ಅದಕ್ಕೂ ಮುಂಚೆ ಅವರಿಗೆ ದೇವಾಲಯವೆಂದರೆ ಎರಡು ಸಂಗೀತ, ಅಷ್ಟೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಸಂಸ್ಕಾರವನ್ನು ಅವರಲ್ಲಿ ಹೆಚ್ಚಿನವರು ಕಂಡೇ ಇರಲಿಲ್ಲ. ದೊಡ್ಡವರು ಎದ್ದು ಹೋಗಿ ಮೊಣಕಾಲೂರಿ ಕೈ ಚಾಚುವುದು, ಸದಾ ಜೋರು ಮಾಡುವ ಅಜ್ಜ ಅಲ್ಲಿ ಸಣ್ಣ ಹುಡುಗನ ಹಾಗೆ ಅಂಗೈ ಒಡ್ಡುವುದು, ಇದನ್ನೆಲ್ಲ ಬಾಯಿ ತೆರೆದುಕೊಂಡು ನೋಡಿದರು. "ನಮಗ್ಯಾಕಿಲ್ರೀ?" ಎಂಬ ಪ್ರಶ್ನೆ ಬಂದೇ ಬಂತು. ನಮ್ಮಲ್ಲಿ ದೃಢೀಕರಣ ಆದ ಮೇಲೆಯೇ, ಅಂದರೆ ಬೆಳೆದು ತಾವೇ ನಂಬಿಕೆಯನ್ನು ಒಪ್ಪಿ ಹೇಳಿದ ಮೇಲೆಯೇ, ಕೊಡುವುದು. ಆರ್ಥೊಡಾಕ್ಸ್ ಸಭೆಗಳಲ್ಲಿ ಸ್ನಾನದೀಕ್ಷೆಯಾದ ಎಳೆಗೂಸಿಗೂ ಕೊಡುತ್ತಾರೆ. ಕಥೋಲಿಕರಲ್ಲಿ ಮೊದಲು ಹತ್ತು-ಹನ್ನೆರಡರ ತನಕ ಕಾಯಿಸುತ್ತಿದ್ದರು. 1910ರಲ್ಲಿ ಹತ್ತನೆಯ ಪಿಯುಸ್ ಪೋಪರು ಸುಮಾರು ಏಳು ವರ್ಷಕ್ಕೇ ಕೊಡಿರೆಂದು ಅಪ್ಪಣೆ ಮಾಡಿದರು. ಮಗುವಿಗೆ ಇದು ಸಾಮಾನ್ಯ ರೊಟ್ಟಿಯಲ್ಲವೆಂದು ತಿಳಿದರೆ ಸಾಕು ಎಂಬುದು ಅವರ ಅಳತೆ. ನಾನು ಈ ಇತಿಹಾಸವನ್ನೆಲ್ಲ ಹೇಳಲಿಲ್ಲ. "ದೊಡ್ಡವಳಾಗವಾ," ಎಂದೆ. ಕೇಳಿದವಳು ತನ್ನ ಅಜ್ಜಿಯ ಕಡೆ ಕೈ ತೋರಿಸಿದಳು. ಆ ಅಜ್ಜಿಗೆ ಮರೆವಿನ ರೋಗ. ಮಗನ ಹೆಸರೇ ನೆನಪಿಲ್ಲ, ಅವರನ್ನು ಕೈ ಹಿಡಿದು ಕರೆದೊಯ್ದು ಕೊಡಿಸುತ್ತಾರೆ. "ಅಜ್ಜಿಗೆ ತಿಳೀತೈತೇನ್ರೀ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸಮಾಧಾನ ಹಂಚುವುದು. ನಾವೀಗ ಸೇರಿರುವ ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರಲ್ಲಿ. 1950ರಲ್ಲಿ ಅದರ ಆರಾಧನಾ ಕ್ರಮ ಸಿದ್ಧವಾದಾಗ ಸಿರಿಯನ್ ಕ್ರೈಸ್ತರ ಹಳೆಯ ಪದ್ಧತಿಯೊಂದನ್ನು ಒಳಗೆ ತಂದರು. ಕೊಡುವವರು ತಮ್ಮ ಬಲ ಅಂಗೈಯನ್ನು ತೆಗೆದುಕೊಳ್ಳುವವರ ಬಲ ಅಂಗೈಗೆ ಹಚ್ಚುತ್ತಾರೆ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಅದು ಬಲಿಪೀಠದ ಹತ್ತಿರದಿಂದ ಹೊರಟು ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಸಾಗುತ್ತದೆ. ಈಗ ನಾವು ಅದನ್ನು ತಲೆಬಾಗಿಸಿ ಅಕ್ಕಪಕ್ಕದವರಿಗೆ ಕೈಮುಗಿದು ಮುಗಿಸಿಬಿಡುತ್ತೇವೆ. ಮಕ್ಕಳು ಪುಸ್ತಕದಲ್ಲಿದ್ದ ಹಾಗೇ ಮಾಡಿದರು, ಅದೂ ಬಿಸಿ ವಸ್ತು ದಾಟಿಸುವಷ್ಟು ಹುಷಾರಾಗಿ. ಅವರ ಎಡಗೈ ಸರಿಯಾಗಿ ಮುಚ್ಚದೆ ದೊಡ್ಡವರು ಕೈ ಬಿಡಿಸಿಕೊಳ್ಳುವಂತಿರಲಿಲ್ಲ. ಆರು ವರ್ಷದವನೊಬ್ಬ ತಿರುಗಿ ಎಲ್ಲಿಯವರೆಗೆ ಹೋಯಿತೆಂದು ನೋಡಿ ನನ್ನನ್ನು ಕೇಳಿದ: "ಕಡೀ ಬೆಂಚಿಗೆ ಮುಟ್ಟಿದ ಮ್ಯಾಲೆ ಎಲ್ಲಿಗೆ ಹೋಗತೈತ್ರೀ?" ಕಡೆಯ ಬೆಂಚಿನ ಹಿಂದೆ ಬಾಗಿಲು, ಚಪ್ಪಲಿಗಳು, ಆಚೆ ರಸ್ತೆ.

ಇನ್ನು ಹೇಳಲು ಕಷ್ಟವಾಗುವ ಭಾಗ.

ಮಕ್ಕಳು ಒಳಗೇ ಇದ್ದುದರಿಂದ ಸಭಾಪಾಲಕರು ಮಧ್ಯಸ್ಥಿಕೆಯ ಪ್ರಾರ್ಥನೆಯ ಹೊತ್ತಿಗೆ "ಮಕ್ಕಳು ಯಾರಾದರೂ ಪ್ರಾರ್ಥಿಸಬಹುದು" ಎನ್ನುವ ರೂಢಿ ಹಾಕಿದರು. ಮೊದಮೊದಲು ಪರೀಕ್ಷೆ, ಅಜ್ಜನ ಮೊಣಕಾಲು, ಸತ್ತ ನಾಯಿಮರಿ. ಎಲ್ಲರೂ ಮುಗುಳ್ನಗುತ್ತ ಆಮೆನ್ ಅನ್ನುತ್ತಿದ್ದರು. ಸೆಪ್ಟೆಂಬರಿನ ಒಂದು ರವಿವಾರ ಎದ್ದು ನಿಂತವಳು ನನ್ನ ಆ 'ಒಲ್ಲೆ' ಹುಡುಗಿ.

"ಯೇಸಪ್ಪಾ, ನಮ್ಮ ಮನೀ ಮಾಲಕರು ಭಾಳ ಸಿಟ್ಟಿಗೆದ್ದಾರ. ಮೂರು ತಿಂಗಳ ಬಾಡಿಗಿ ಕೊಟ್ಟಿಲ್ಲ. ಅಪ್ಪಗ ಕೆಲಸ ಸಿಗಲಿ. ಮಾಲಕರ ಸಿಟ್ಟು ಇಳೀಲಿ, ಅವರಿಗೆ ಬಿ.ಪಿ. ಐತಿ. ಆಮೆನ್."

ಆ ಮಾಲಕರು ಎರಡನೆಯ ಬೆಂಚಿನಲ್ಲಿ ಕೂತಿದ್ದರು. ಸಭೆಯ ಹಿರಿಯರಲ್ಲೊಬ್ಬರು. ಅದು ಎಲ್ಲರಿಗೂ ಗೊತ್ತು. ಹುಡುಗಿಯ ಅಪ್ಪ ಗೋಡೆಯ ಪಕ್ಕ ಕೂತಿದ್ದರು, ತಲೆ ಎತ್ತಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೆನ್ ಬಂದದ್ದು ಒಂದೇ ಒಂದು, ಹಿಂದಿನಿಂದ, ಕಿವಿ ಸರಿಯಾಗಿ ಕೇಳದ ಅಜ್ಜಿಯೊಬ್ಬರಿಂದ. ಸಭಾಪಾಲಕರು ಅವಸರವಾಗಿ ಕರ್ತನ ಪ್ರಾರ್ಥನೆಗೆ ದಾಟಿದರು. ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು: "ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು." ಮತ್ತಾಯನ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಅಲ್ಲಿ ಇರುವ ಪದಕ್ಕೆ ನೇರ ಅರ್ಥ 'ಸಾಲ'. ಕನ್ನಡದಲ್ಲಿ 'ತಪ್ಪು' ಎಂದಾಗಿರುವುದು ಅವತ್ತು ಎಷ್ಟೋ ಜನಕ್ಕೆ ಅನುಕೂಲವಾಯಿತು.

ಆ ವಾರ ಕಮಿಟಿ ಸೇರಿತು. ಯಾರೂ ಬಯ್ಯಲಿಲ್ಲ, ಬಹಳ ನಯವಾಗಿಯೇ ಮಾತಾಡಿದರು. ಮಕ್ಕಳು ಮುಗ್ಧರು, ಮನೆಯ ಮಾತು ಹೊರಗೆ ಬರಬಾರದು, ಮಕ್ಕಳಿಗೇ ಮುಂದೆ ಮುಜುಗರ ಆಗುತ್ತದೆ. ಇನ್ನು ಮುಂದೆ ಪ್ರಾರ್ಥನೆಯ ವಿಷಯವನ್ನು ಮಕ್ಕಳು ಚೀಟಿಯಲ್ಲಿ ಬರೆದು ಅಕ್ಕೋರಿಗೆ ಕೊಡಬೇಕು, ಅಕ್ಕೋರು ನೋಡಿ ಆರಿಸಬೇಕು. ಅಕ್ಕೋರು ಅಂದರೆ ನಾನು. ಒಪ್ಪಿಕೊಂಡೆ. ಅದರಲ್ಲಿ ನಿಜವೂ ಇತ್ತಲ್ಲ, ಅವಳ ಅಪ್ಪನ ಮುಖ ನಾನೂ ಕಂಡಿದ್ದೆ. ಆ ಮನುಷ್ಯನಿಗೆ ನಾಕು ಜನರ ಮುಂದೆ ಆದದ್ದನ್ನು ಸಣ್ಣದೆನ್ನಲಾರೆ.

ಆದರೆ ಮುಂದಿನ ರವಿವಾರದ ಪಾಠ ಬಾಲಕ ಸಮುವೇಲನದು. ಪಾಠಪಟ್ಟಿ ಮೊದಲೇ ಅಚ್ಚಾದದ್ದು, ನಾನು ಆರಿಸಿದ್ದಲ್ಲ. ರಾತ್ರಿ ಕರೆ ಬರುತ್ತದೆ, ಹುಡುಗ ಎದ್ದು ಮುದುಕ ಯಾಜಕ ಏಲಿಯ ಹತ್ತಿರ ಓಡುತ್ತಾನೆ, ನಾನು ಕರೆಯಲಿಲ್ಲ ಹೋಗಿ ಮಲಗು ಎನ್ನುತ್ತಾನೆ ಏಲಿ. ಮೂರು ಸಲ. ಹುಡುಗನಿಗೆ ದನಿ ಕೇಳಿಸುತ್ತದೆ, ಯಾರದೆಂದು ತಿಳಿಯುವುದಿಲ್ಲ. ಮುದುಕನಿಗೆ ಯಾರದೆಂದು ತಿಳಿಯುತ್ತದೆ, ದನಿ ಕೇಳಿಸುವುದಿಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗಿರದಿದ್ದರೆ ಆ ಕರೆ ಹಾಗೇ ಹೋಗಿಬಿಡುತ್ತಿತ್ತು. ನಾವು ಮಕ್ಕಳಿಗೆ ಹೇಳುವ ಕಥೆ "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ" ಎನ್ನುವಲ್ಲಿಗೆ ಮುಗಿಯುತ್ತದೆ. ಚಿತ್ರಕ್ಕೆ ಬಣ್ಣ ತುಂಬಿಸಿ ಕಳಿಸುತ್ತೇವೆ.

ಬೈಬಲಿನಲ್ಲಿ ಅಲ್ಲಿಗೆ ಮುಗಿಯುವುದಿಲ್ಲ. ಹುಡುಗನಿಗೆ ಕೇಳಿದ್ದು ಏಲಿಯ ಮನೆತನದ ಮೇಲಿನ ತೀರ್ಪು. ಮಕ್ಕಳು ಮಾಡುತ್ತಿದ್ದ ಅನ್ಯಾಯ ತಿಳಿದೂ ತಡೆಯದ ತಂದೆಯ ಮೇಲಿನ ತೀರ್ಪು. ಬೆಳಗಾದ ಮೇಲೆ ಸಮುವೇಲ ಹೇಳಲು ಹೆದರುತ್ತಾನೆ. ಆಗ ಏಲಿ ಅವನನ್ನು ಕರೆದು, ಏನನ್ನೂ ಮುಚ್ಚಿಡಬೇಡ ಎಂದು ಒತ್ತಾಯಿಸಿ ಹೇಳಿಸುತ್ತಾನೆ. ಕೇಳಿದ ಮೇಲೆ ಹುಡುಗನನ್ನು ಗದರಿಸುವುದಿಲ್ಲ, ಹೇಳಿದಾತನು ಯೆಹೋವನು, ತನಗೆ ಸರಿಕಂಡದ್ದನ್ನು ಮಾಡಲಿ ಎನ್ನುತ್ತಾನೆ. ಏಲಿ ಸೋತ ಮನುಷ್ಯ ಎಂದೇ ನಾವು ಪಾಠ ಮಾಡುವುದು. ಚೀಟಿಯ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಆ ಅಧ್ಯಾಯ ಓದಿದಾಗ, ನನಗಿಂತ ಏಲಿ ಎಷ್ಟೋ ಮೇಲು ಅನ್ನಿಸಿತು.

ಚೀಟಿಗಳು ಬಂದವು. ಪರೀಕ್ಷೆ, ಪರೀಕ್ಷೆ, ಅಜ್ಜಿಗೆ ಆರೋಗ್ಯ, ಪರೀಕ್ಷೆ. ನಾನು ಆರಿಸಬೇಕಾದ್ದೇ ಇರಲಿಲ್ಲ, ಮಕ್ಕಳೇ ಆರಿಸಿಬಿಟ್ಟಿದ್ದರು. ಆ ಹುಡುಗಿ ಒಂದನ್ನೂ ಬರೆಯಲಿಲ್ಲ. ಮಾಲಕರು ಎರಡು ವಾರ ಬರಲಿಲ್ಲ, ಆಮೇಲೆ ಬಂದರು, ಅದೇ ಎರಡನೆಯ ಬೆಂಚು. ಬಾಡಿಗೆಯ ವಿಷಯ ಏನಾಯಿತೆಂದು ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಸಮಾಧಾನ ಹಂಚುವಾಗ ಆ ಹುಡುಗಿ ನಡುವಿನ ಹಾದಿ ದಾಟಿ ಹೋಗಿ ಅವರ ಕೈ ಹಿಡಿದದ್ದನ್ನು ಒಂದು ರವಿವಾರ ನೋಡಿದೆ. ಅವರು ಕೈ ಕೊಟ್ಟರು, ಮುಖ ಬೇರೆ ಕಡೆ ಇತ್ತು. ಅಷ್ಟೇ. ಇದಕ್ಕಿಂತ ಹೆಚ್ಚಿಗೆ ಬರೆದರೆ ಕಥೆ ಕಟ್ಟಿದ ಹಾಗಾಗುತ್ತದೆ. ಬೇಸಿಗೆಯಲ್ಲಿ ಆ ಕುಟುಂಬ ಬೇರೆ ಊರಿಗೆ ಹೋಯಿತು, ಅಪ್ಪನಿಗೆ ಅಲ್ಲೆಲ್ಲೋ ಕೆಲಸ ಸಿಕ್ಕಿತೆಂದು ಕೇಳಿದೆ.

ಕೋಣೆಯ ಮಾಡು ಈಗ ಸರಿಯಾಗಿದೆ. ಮಕ್ಕಳು ಮತ್ತೆ ಎರಡನೆಯ ಸಂಗೀತಕ್ಕೆ ಎದ್ದು ಹೋಗುತ್ತಾರೆ. ತಿಂಗಳ ಮೊದಲ ರವಿವಾರ, ಸಂಸ್ಕಾರವಿರುವ ದಿನ, ಪೂರ್ತಿ ಒಳಗೇ ಇರಲಿ ಎಂದು ಅರ್ಜಿ ಕೊಟ್ಟಿದ್ದೇನೆ. ಮೂರು ಮೀಟಿಂಗಿನಿಂದ ಅದು ಮುಂದಕ್ಕೆ ಹೋಗುತ್ತಿದೆ.

ಮೊನ್ನೆ ಹೊಸ ಪಾಠಪುಸ್ತಕದ ಕರಡು ನನ್ನ ಕೈಗೆ ಬಂತು. ಮಕ್ಕಳಿಗೆ ಸುಲಭವಾಗಲೆಂದು ಯಾರೋ ಕಂಠಪಾಠದ ವಚನಗಳನ್ನೆಲ್ಲ ಸರಳಗೊಳಿಸಿದ್ದಾರೆ. ಮೊದಲನೆಯದರಲ್ಲಿ 'ನನಗೆ ಏನೂ ಕೊರತೆಯಿಲ್ಲ' ಎಂದಿತ್ತು. ಕೆಂಪು ಪೆನ್ನಿನಿಂದ ಹೊಡೆದುಹಾಕಿ, ಮೇಲೆ ಹಳೆಯದನ್ನೇ ಬರೆದು ವಾಪಸು ಕಳಿಸಿದೆ. ಸಂಜೆ ಕಮಿಟಿಯವರೊಬ್ಬರ ಫೋನು.

"ಇದು ಮಕ್ಕಳಿಗೆ ತಿಳಿಯಂಗಿಲ್ಲಲ್ರೀ ಅಕ್ಕೋರ?"

"ತಿಳೀದಿದ್ರ ಕೇಳ್ತಾರ್ರೀ," ಅಂದೆ.